ಬೆಂಡೆಸಾಲಿನ ಗರಿಕೆ

ಸೋಮಾರಿಯಿಂದ ಜಗತ್ತಿಗೆ ಹೆಚ್ಚಿನ ತೊಂದರೆಯೇನಿಲ್ಲ. ಅವನು ಕೆಲಸಕ್ಕೆ ಇಳಿದರೆ ಮಾತ್ರ ಹೆದರಬೇಕು. ಇದನ್ನು ನಾನು ಬೇರೆ ಯಾರನ್ನೋ ನೋಡಿ ಹೇಳುತ್ತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನನ್ನು ಬೀಳಿಸಿದ ವರ್ಷ, ಪುತ್ತಿಗೆಯ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪ ಬೆಂಡೆಬೀಜ ಹಾಕಿಸಿ, ನನ್ನನ್ನು ಕರೆದು ತೀರ್ಪು ಕೊಟ್ಟರು: “ಚೌತಿಗೆ ಒಂದು ಬುಟ್ಟಿ ಬೆಂಡೆಕಾಯಿ ಕೊಯ್ದು ತೋರಿಸು. ಪುನಃ ಪರೀಕ್ಷೆಗೆ ಕೂರಿಸುವ. ಇಲ್ಲದಿದ್ದರೆ ಬಾಯಾರಿಗೆ ಹೋಗಿ ಮಾವನ ತೋಟ ನೋಡಿಕೊಂಡಿರು.” ಮಾವನೆಂದರೆ ಕೋಳಿಯನ್ನೇ ಎಬ್ಬಿಸಿ ಕೂಗಿಸುವ ಮನುಷ್ಯ. ನಾನು ಆ ಕ್ಷಣವೇ ವಿದ್ಯಾಭಿಮಾನಿಯಾದೆ.

ಬೆಂಡೆ ಮೊಳಕಾಲೆತ್ತರ ಬರುವಷ್ಟರಲ್ಲಿ ಗರಿಕೆ ಬಂತು. ಗರಿಕೆಯನ್ನು ಬೈಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅದರ ಬೆನ್ನಿಗೆ ಗಣಪತಿ ಇದ್ದಾನೆ. ಆದರೂ ನಾನು ಗುದ್ದಲಿ ಹಿಡಿದು ಮೂರು ದಿನ ಯುದ್ಧ ಮಾಡಿದೆ. ಕೂತು ಬೇರು ಕೀಳುವುದೆಲ್ಲ ತಾಳ್ಮೆಯವರ ಕೆಲಸ, ನನ್ನಂಥ ಶೂರರದ್ದಲ್ಲ. ಹಾಗಾಗಿ ಕೊಚ್ಚಿದೆ. ಒಂದೊಂದು ಬಳ್ಳಿಯನ್ನೂ ನಾಲ್ಕು ತುಂಡು, ಆರು ತುಂಡು ಮಾಡಿದೆ. ನನಗೆ ಭಾಗಾಕಾರ ಬರುವುದಿಲ್ಲ ಎಂದಿದ್ದ ಮಾಸ್ತರರು ಬಂದು ನೋಡಬೇಕಿತ್ತು.

ತುಂಡುಗಳನ್ನು ಬುಟ್ಟಿಗೆ ತುಂಬಿ ದಾರಿಬದಿಗೆ ಎಸೆಯಲು ಹೊರಟಾಗ ಅಮ್ಮ ಜಗಲಿಯಿಂದಲೇ ಕೂಗಿದರು: “ಅಯ್ಯೋ, ದೇವರಿಗೆ ಏರಿಸುವಂಥದ್ದನ್ನು ಜನ ತುಳಿಯುವಲ್ಲಿ ಹಾಕುವುದುಂಟಾ? ತೆಂಗಿನ ಬುಡಕ್ಕೆ ಹಾಕು!” ಪೂಜೆಯ ಬಾಡಿದ ಹೂವೂ ಗರಿಕೆಯೂ ದಿನಾ ಹೋಗುವುದು ಅಲ್ಲಿಗೇ. ಆದರೆ ತೆಂಗು ಇಪ್ಪತ್ತು ಹೆಜ್ಜೆ ದೂರ. ಬೆಂಡೆ ಕಾಲಬುಡದಲ್ಲೇ ಇತ್ತು. ದೇವರಿಗೆ ತೆಂಗಾದರೇನು, ಬೆಂಡೆಯಾದರೇನು? ಒಂದೊಂದು ಗಿಡಕ್ಕೂ ಭಕ್ತಿಯಿಂದ ಒಂದೊಂದು ಹಿಡಿ ಹಾಕಿ, ಗೊಬ್ಬರವೂ ಆಯಿತೆಂದು ಬೀಗಿದೆ.

ಅಂದು ಹಿಡಿದ ಮಳೆ ಒಂದು ವಾರ ಬಿಡಲಿಲ್ಲ. ಮಳೆ ನಿಂತ ಮೇಲೆ ನೋಡಿದರೆ ಪ್ರತಿ ತುಂಡೂ ಬೇರು ಬಿಟ್ಟು, ಚಿಗುರಿ, ಬೆಂಡೆಯ ಕುತ್ತಿಗೆಗೇ ಕೈ ಹಾಕಿತ್ತು. ನೆರೆಮನೆಯ ಐತಪ್ಪಣ್ಣ ಬೇಲಿಯಾಚೆ ನಿಂತು ಬಹಳ ಗೌರವದಿಂದ ಕೇಳಿದರು: “ಎಂತ ಗೊಬ್ಬರ ಹಾಕಿದ್ದು ಮಾರಾಯ್ರೆ? ನಮ್ಮಲ್ಲಿ ಗರಿಕೆ ಇಷ್ಟು ಪುಷ್ಟಿಯಾಗಿ ಬರುವುದೇ ಇಲ್ಲ. ನಡುವೆ ಅಲ್ಲಲ್ಲಿ ಬೆಂಡೆ ಎದ್ದಿದೆ ನೋಡಿ, ಅದೊಂದು ಕಿತ್ತುಬಿಡಿ.”

ಚೌತಿಯ ಬೆಳಗ್ಗೆ ಗರಿಕೆ ಕೊಯ್ಯಲು ಊರಿಗೆ ಊರೇ ನಮ್ಮ ಹಿತ್ತಲಿಗೆ ಬಂತು. ಅಮ್ಮನಿಗೆ ಎಲ್ಲಿಲ್ಲದ ಹೆಮ್ಮೆ. ನಾನು ಬುಟ್ಟಿಯ ತಳದಲ್ಲಿ ಏಳು ಬೆಂಡೆಕಾಯಿ ಇಟ್ಟುಕೊಂಡು ಅಪ್ಪನ ಮುಂದೆ ನಿಂತೆ. ಅದರಲ್ಲೂ ಎರಡು ಐತಪ್ಪಣ್ಣನ ಬೇಲಿಯೊಳಗಿನವು. ಅಪ್ಪ ಬುಟ್ಟಿ ನೋಡಿದರು, ಹಿತ್ತಲು ನೋಡಿದರು, ಆಮೇಲೆ ನನ್ನ ಕೈಗಳನ್ನು ನೋಡಿದರು.

“ಪರೀಕ್ಷೆಗೆ ಅರ್ಜಿ ಬರೆ.”

ನನಗೆ ತಲೆಬುಡ ಅರ್ಥವಾಗಲಿಲ್ಲ. “ಹಾಗಾದರೆ ಬಾಯಾರಿಗೆ ಹೋಗುವುದು?”

“ಮಾವನಿಗೆ ಇರುವುದು ಅದೊಂದೇ ತೋಟ. ನೀನು ಅಲ್ಲಿಗೆ ಕಾಲಿಟ್ಟರೆ ಅವನ ಹೆಂಡತಿ ಮಕ್ಕಳು ಎಲ್ಲಿಗೆ ಹೋಗಬೇಕು ಮಾರಾಯ?”

ಹೀಗೆ ನಾನು ವಿದ್ಯಾವಂತನಾದೆ. ಉಳಿದವರು ಓದಿ ತಾವು ಉದ್ಧಾರವಾಗುತ್ತಾರೆ. ನಾನು ಓದಿದ್ದರಿಂದ ಉದ್ಧಾರವಾದದ್ದು ಮಾವನ ತೋಟ.