ಸಂತೆಬಾಚಹಳ್ಳಿಗೆ ಹೋಗಗೊಡದ ಹಳದಿ ದೀಪಕ್ಕೆ

ಗಂಜಾಂ, ಆಗಸ್ಟ್ ೧೯೯೭

ನಮ್ಮ ಕಣ್ಣಾಸ್ಪತ್ರೆಯ ವ್ಯಾನಿನಲ್ಲಿ ಸ್ಪೀಡೋಮೀಟರಿನ ಪಕ್ಕ ವಿರಾಜಮಾನರಾಗಿರುವ ಟೈರ್ ಗಾಳಿಯ ಎಚ್ಚರಿಕೆ ದೀಪದವರ ಸನ್ನಿಧಿಗೆ,

ಮಾನ್ಯರೇ,

ವಿದೇಶದ ದಾನಿಗಳು ಬಳಸಿ ನಮಗೆ ಕಳಿಸಿಕೊಟ್ಟ ಈ ವ್ಯಾನಿನ ಜೊತೆ ತಾವೂ ಶ್ರೀರಂಗಪಟ್ಟಣಕ್ಕೆ ದಯಮಾಡಿಸಿ ಎಂಟು ತಿಂಗಳಾಯಿತು. ಪ್ರತಿ ಚಕ್ರದೊಳಗೂ ಕೂತಿರುವ ಸೆನ್ಸರು ಗಾಳಿ ಕಡಿಮೆಯಾದ ಸುದ್ದಿಯನ್ನು ತಮಗೆ ಮುಟ್ಟಿಸುತ್ತದೆ, ತಾವು ಹಳದಿಯಾಗಿ ನಮಗೆ ತಿಳಿಸುತ್ತೀರಿ ಎಂದು ಇಂಗ್ಲಿಷ್ ಕೈಪಿಡಿಯಲ್ಲಿದೆ. ಆಸ್ಪತ್ರೆಯಲ್ಲಿ ಅದನ್ನು ಪೂರ್ತಿ ಓದಿದವಳು ಕಣ್ಣಿನ ಡಾಕ್ಟರಾದ ನಾನೊಬ್ಬಳೇ. ತೊಂದರೆ ಅಲ್ಲಿಂದಲೇ ಶುರುವಾಯಿತೇನೋ ಎಂದು ಈಗ ಅನ್ನಿಸುತ್ತದೆ.

ಜೂನ್‌ನಲ್ಲಿ ಪಾಂಡವಪುರದಲ್ಲಿ ಪಂಕ್ಚರ್ ಹಾಕಿಸಿದ ದಿನದಿಂದ ತಾವು ಒಂದು ಕ್ಷಣವೂ ಆರದೆ ಸೇವೆ ಸಲ್ಲಿಸಿದಿರಿ. ಡ್ರೈವರ್ ನಿಂಗರಾಜು ನಾಲ್ಕೂ ಟೈರಿಗೆ ಕಬ್ಬಿಣದ ರಾಡಿನಿಂದ ಬಡಿದು, ಕಿವಿಗೊಟ್ಟು, "ಗಾಳಿ ಗಟ್ಟಿಯಾಗೇ ಐತೆ ಮೇಡಮ್ಮೋರೆ, ಆ ದೀಪಕ್ಕೇ ಏನೋ ಬಡ್ಕೊಂಡೈತೆ" ಎಂದ. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆಯ ಬಂಕುಗಳ ಗಾಳಿ ಮಾಪಕಗಳೆಲ್ಲ ಅವನ ಪರವಾಗಿಯೇ ಸಾಕ್ಷಿ ಹೇಳಿದವು. ನಾನು ಮಾತ್ರ ತಮ್ಮನ್ನೇ ನಂಬಿದೆ. ಅಚ್ಚಾದ ಇಂಗ್ಲಿಷಿನಲ್ಲಿ 'ಕೂಡಲೇ ನಿಲ್ಲಿಸಿ' ಎಂದಿದ್ದರೆ ನಿಲ್ಲಿಸಬೇಕೆಂಬುದನ್ನು ಕಾನ್ವೆಂಟು ನನಗೆ ಎಷ್ಟು ಚೆನ್ನಾಗಿ ಕಲಿಸಿದೆಯೆಂದರೆ, ರೋಗಿಗಳನ್ನು ಆಪರೇಷನ್ನಿಗೆ ಕರೆತರಲು ಸಂತೆಬಾಚಹಳ್ಳಿಗೆ ಹೊರಟ ವ್ಯಾನನ್ನು ಎರಡು ಸಲ ಅರ್ಧ ದಾರಿಯಿಂದ ಹಿಂತಿರುಗಿಸಿದೆ.

ಆ ಎರಡೂ ಸಲ ಅಲ್ಲಿ ಬಟ್ಟೆಗಂಟು ಕಟ್ಟಿಕೊಂಡು ನಮಗಾಗಿ ಕಾದಿದ್ದವರು ಸೋಮಮ್ಮ. ಅವರ ಎರಡೂ ಕಣ್ಣಿಗೆ ಪೊರೆ; ಬಲಗಣ್ಣಿನದು ಇನ್ನೂ ತಡವಾದರೆ ಕಣ್ಣೇ ಹೋಗುವ ಹಂತದಲ್ಲಿತ್ತು. ಮೂರನೆಯ ಸಲ ನಾನು ಕೈಪಿಡಿಯನ್ನು ಸೀಟಿನ ಕೆಳಗೆ ತುರುಕಿ, ತಾವು ಉರಿಯುತ್ತಿರುವಂತೆಯೇ, ದಾರಿಯುದ್ದಕ್ಕೂ ಇಳಿದಿಳಿದು ಟೈರು ಮುಟ್ಟಿ ನೋಡುತ್ತ ಅಲ್ಲಿಗೆ ಹೋದೆ. ವ್ಯಾನಿನ ಕಾಯಿಲೆಯ ಕಥೆ ಕೇಳಿದ ಸೋಮಮ್ಮ, "ಅಂಗಾರೆ ಮೊದ್ಲು ನಿನ್ ಗಾಡಿಗೆ ಆಪ್ರೇಸನ್ ಮಾಡ್ಸವ್ವ, ನಾನು ಆಮ್ಯಾಕ್ ಮನೀಕತೀನಿ" ಎನ್ನುತ್ತ ಮುಂದಿನ ಸೀಟಿಗೆ ಹತ್ತಿದರು. ಆಸರೆಗೆಂದು ಚಾಚಿದ ಕೈಗೆ, ಕನ್ನಡಿಯಿಂದ ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ ತೂಗುತ್ತಿದ್ದ ಕರಿ ತಾಯಿತ ಸಿಕ್ಕಿತು. ಬೆರಳಿನಲ್ಲೇ ತಡವಿ, "ಇದ್ಯಾವ್ ದೇವ್ರ ತಾಯ್ತವ್ವ, ಮ್ಯಾಲೆಲ್ಲ ಅಕ್ಸರ ಕೊರ್ದವ್ರೆ" ಎಂದರು.

ಅವರ ಬೆರಳಿಗೆ ಕಂಡದ್ದನ್ನು ನಾನು ಬಗ್ಗಿ ಓದಿದೆ. ಕೈಪಿಡಿಯ ನಲವತ್ತೊಂದನೇ ಪುಟದ ಸೆನ್ಸರಿನ ಚಿತ್ರದಲ್ಲಿದ್ದ ಅದೇ ನಂಬರು. ಪಾಂಡವಪುರದ ಪಂಕ್ಚರ್ ಅಂಗಡಿಯ ಕುಳ್ಳಯ್ಯ ಚಕ್ರ ಬಿಚ್ಚಿದಾಗ, ಉಕ್ಕಿನ ಪಟ್ಟಿಯಲ್ಲಿ ಬಿಗಿದಿದ್ದ ತಮ್ಮ ಸೆನ್ಸರನ್ನು ಕಂಡು, ಹಿಂದಿನ ಮಾಲೀಕರು ಕಟ್ಟಿಸಿದ ತಾಯಿತವೆಂದು ಭಾವಿಸಿ, ಕೊಚ್ಚೆ ತುಳಿಯುವ ಚಕ್ರದಲ್ಲಿ ದೇವರದ್ದು ಇರಬಾರದೆಂದು ಬಿಡಿಸಿ, ಅರಿಶಿನ ಹಚ್ಚಿ ಕೊಟ್ಟಿದ್ದನಂತೆ. ನಿಂಗರಾಜು ಅದನ್ನು ನಿಮಿಷಾಂಬ ಗುಡಿಯಲ್ಲಿ ಪೂಜೆ ಮಾಡಿಸಿ ಕನ್ನಡಿಗೆ ಕಟ್ಟಿದ. ಅಂದಿನಿಂದ ಅದು ವ್ಯಾನಿನೊಳಗಿನ ಬಯಲು ಗಾಳಿಯನ್ನು ಅಳೆದು, ಟೈರು ಪೂರ್ತಿ ಕೂತಿದೆಯೆಂದು ತಮಗೆ ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತ ಬಂದಿದೆ. ಎರಡು ತಿಂಗಳು ನನ್ನ ಮೂಗಿನ ಮುಂದೆಯೇ ತೂಗಿದೆ. ನಾನು ಕಣ್ಣಿನ ಡಾಕ್ಟರು.

ಆದ್ದರಿಂದ ತಮ್ಮನ್ನು ದೂರುವ ಮುಖ ನನಗಿಲ್ಲ, ಬಿನ್ನಹಗಳಷ್ಟೇ ಇವೆ. ಇನ್ನು ಮುಂದೆ ಉರಿಯುವಾಗ ಅದು ಟೈರಿನ ದೂರೋ ತಾಯಿತದ ದೂರೋ ಎಂಬುದನ್ನು ಕನ್ನಡದಲ್ಲಿ ಸೂಚಿಸಬೇಕು. ಹಾಗೆಯೇ, ಡ್ರೈವರು ನಿಜ ಹೇಳುತ್ತಿರುವಾಗ ನಾನು ಕೈಪಿಡಿ ತೆರೆದರೆ, ನನಗಾಗಿಯೇ ಬೇರೆ ಬಣ್ಣದ ಇನ್ನೊಂದು ದೀಪ ಹೊತ್ತಿಸುವ ಕೃಪೆ ಮಾಡಬೇಕು.

ತಾವು ಹೇಳಿದಾಗಲೆಲ್ಲ ನಿಂತ
ತಮ್ಮ ವಿಶ್ವಾಸಿ,
ಡಾ. ಪ್ರಮೀಳಾ

ಮರೆತ ಮಾತು: ಸೆನ್ಸರು ಮತ್ತೆ ಚಕ್ರ ಸೇರಿದೆ, ತಾವೂ ಆರಿದ್ದೀರಿ. ಸೋಮಮ್ಮನವರ ಬಲಗಣ್ಣು ಉಳಿಯಿತು. ನಿನ್ನೆ ಅವರನ್ನು ಊರಿಗೆ ಬಿಡಲು ಹೊರಟಾಗ, ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿಂತು, "ಇಂದ್ಗಡೆ ಚಕ್ರ ಕೂತದಲ್ಲವ್ವ" ಎಂದರು. ಹೋಗಿ ನೋಡಿದರೆ ಮೊಳೆ ಹೊಕ್ಕಿತ್ತು. ಕೀಲಿ ತಿರುಗಿಸಿ ತಮ್ಮ ಅಭಿಪ್ರಾಯವನ್ನೂ ಕೇಳಿದೆ. ತಾವು ಆರಿಯೇ ಇದ್ದಿರಿ.