ಕೆಂಪು ಕಾರಿನ ಬೆಲ್ಟೂ ಕೆಳಗಿಟ್ಟ ಬಟ್ಟಲೂ

ವಸ್ಫಿ ಆ ಬೆಳಿಗ್ಗೆ ಕಾರಿನ ಬಾನೆಟ್ ತೆರೆದದ್ದು ಒಳಗಿನ ಧೂಳು ಒರೆಸುವುದಕ್ಕೆ, ಅಷ್ಟೇ. ಧೂಳು ಅದರ ಪಾಡಿಗೆ ಇದ್ದಿದ್ದರೆ ಅವನೂ ಸುಖವಾಗಿರುತ್ತಿದ್ದ.

ಸೆಕೆಂಡ್‌ಹ್ಯಾಂಡ್ ಆದರೂ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ದಾಳಿಂಬೆ ಕೆಂಪು. ಸಂಜೆ ಅಕ್ಕನ ಮಗ ಫವ್ವಾಜ್‌ನ ಮದುವೆ. ಮದುಮಗನನ್ನು ಇದರಲ್ಲೇ ಕೂರಿಸಿಕೊಂಡು ದಿಬ್ಬಣದ ಮುಂದೆ ಹೋಗುತ್ತೇನೆಂದು ವಸ್ಫಿ ಸಾಲ್ಟ್ ಎಂಬ ತಮ್ಮ ಊರಿಗೆಲ್ಲ ಸಾರಿದ್ದ. "ಈ ಆಟದ ಸಾಮಾನು ಒಂದು ದಿನವಾದ್ರೂ ಮನೆಗೆ ಉಪಯೋಗಕ್ಕೆ ಬರಲಿ" ಎಂದಿದ್ದಳು ಅಕ್ಕ ನೌಫಾ.

ತೆರೆದ ಬಾನೆಟ್ ಕಂಡರೆ ಪಕ್ಕದ ಮನೆಯ ಅಬು ದಾಊದ್ ಸುಮ್ಮನಿರುವ ಆಸಾಮಿಯಲ್ಲ. ಮೂವತ್ತು ವರ್ಷ ಬಸ್ ಓಡಿಸಿದವನು. ಸ್ಪ್ಯಾನರ್ ಹಿಡಿದೇ ಬಂದ.

"ಟೈಮಿಂಗ್ ಬೆಲ್ಟ್ ನೋಡಿದೀಯೇನೋ?"

"ನೋಡೋದೇನು ಮಾವ? ಇಲ್ಲೇ ಚೀಟಿ ಅಂಟಿಸಿದಾರಲ್ಲ. 'ಹೊಸ ಬೆಲ್ಟ್ ಹಾಕಿದೆ, ಅಬು ಶಾಹೀನ್ ಗ್ಯಾರೇಜ್.' ಹಳೇ ಮಾಲೀಕನ ಕಾಲದ್ದು, ಎರಡೇ ವರ್ಷ ಆಗಿದೆ."

"ಕಾರು ಓಡೋದು ಚೀಟಿಯಿಂದಲೋ, ಬೆಲ್ಟಿಂದಲೋ?" ಎನ್ನುತ್ತ ಅವನು ಮುಚ್ಚಳ ಬಿಚ್ಚಿದ. ಬೆಲ್ಟು ಅಜ್ಜಿಯ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿತ್ತು. ಎರಡು ಹಲ್ಲು ಬೇರೆ ಉದುರಿದ್ದವು.

"ಇದು ತುಂಡಾದ್ರೆ ಎಂಜಿನ್ ಒಳಗೆ ಒಂದಕ್ಕೊಂದು ಬಡಿದು ಎಲ್ಲಾ ಪುಡಿ. ಕೀಲಿ ಮುಟ್ಟೀಯ, ಜೋಕೆ!"

"ಆಲಿವ್ ಎಣ್ಣೆ ಸವರಿ ನೋಡ್ರೋ" ಎಂದು ಮೇಲಿನ ಕಿಟಕಿಯಿಂದ ಯಾರೋ ಸಲಹೆ ಕೊಟ್ಟರು.

ಗ್ಯಾರೇಜು ಇಳಿಜಾರಿನ ಬುಡದಲ್ಲಿ. ಎಂಜಿನ್ ಹಚ್ಚದೆ, ಬೀದಿಯವರೆಲ್ಲ ಹಿಂದೆ ಮುಂದೆ ಹಿಡಿದುಕೊಂಡು ಕಾರನ್ನು ಮೆಲ್ಲಗೆ ಇಳಿಸಿದರು. ದಾರಿ ಬದಿ ಕೂತಿದ್ದ ಮುದುಕನೊಬ್ಬ ಶವಯಾತ್ರೆಯೆಂದು ಭಾವಿಸಿ ಎದ್ದು ನಿಂತ.

ಅಬು ಶಾಹೀನ್‌ನ ಮೀಸೆಗೆ ಹೊಸ ಬಣ್ಣ. ಕೆಲಸದ ಅಂಗಿಯ ಕೆಳಗೆ ಇಸ್ತ್ರಿ ಮಾಡಿದ ಪ್ಯಾಂಟು. ಜನ ನೋಡಿ ಗಾಬರಿಯಾದರೂ ಕಾಫಿ ಕೊಡುವುದನ್ನು ಮರೆಯಲಿಲ್ಲ. ವಸ್ಫಿ ಬಟ್ಟಲನ್ನು ಕುಡಿಯದೆ ಕೆಳಗಿಟ್ಟ. ಎಲ್ಲರ ಕಣ್ಣೂ ಬಟ್ಟಲಿನ ಮೇಲೆ. ಬಟ್ಟಲು ಕೆಳಗಿಟ್ಟ ಅತಿಥಿಗೆ ಏನೋ ಬೇಕಾಗಿದೆ ಎಂದೇ ಆ ಊರಿನ ವಾಡಿಕೆ. ಅವನು ಕುಡಿಯದೆ ಎದ್ದು ಹೋದರೆ ಮನೆಯವನ ಮಾನ ಹೋದಂತೆ.

"ಏನು ಕೇಳಿದ್ರೂ ಕೊಟ್ಟೆ. ಕುಡಿಯಪ್ಪ" ಎಂದ ಅಬು ಶಾಹೀನ್.

"ನೀವು ಹಾಕದೇ ಇರೋ ಬೆಲ್ಟ್ ಇವತ್ತೇ ಹಾಕಿಕೊಡಿ, ಮೇಸ್ತ್ರಿ."

ಅಬು ಶಾಹೀನ್ ಬೆಲ್ಟು ನೋಡಿ, ಡ್ರಾಯರ್ ಎಳೆದ. ಒಳಗೆ ಹೊಸ ಬೆಲ್ಟಿನ ಒಡೆಯದ ಡಬ್ಬ. ಮೇಲೆ ಇದೇ ಕಾರಿನ ನಂಬರು! "ಮೊದಲು ಚೀಟಿ ಅಂಟಿಸೋದು ನನ್ನ ಅಭ್ಯಾಸ ಕಣಪ್ಪ. ಅಂಟಿಸಿ ಊಟಕ್ಕೆ ಹೋಗಿರಬೇಕು. ಬಂದು ಚೀಟಿ ನೋಡಿ, ಓ, ಕೆಲಸ ಮುಗೀತು ಅಂದ್ಕೊಂಡಿದೀನಿ."

ಮಧ್ಯಾಹ್ನ ಕಳೆಯುವುದರೊಳಗೆ ಬೆಲ್ಟು ಕೂತಿತು. ಅಬು ಶಾಹೀನ್ ತಾನೇ ಕಾರು ಓಡಿಸಿಕೊಂಡು ವಸ್ಫಿಯ ಮನೆಗೆ ತಂದ. ಪರೀಕ್ಷೆಗೆಂದು ಬೀದಿಯನ್ನು ಮೂರು ಸುತ್ತು ಹಾಕಿದ. ಇಳಿಯುವಾಗ ಸ್ಟಿಯರಿಂಗನ್ನು ಕರುವಿನ ಮೈ ಸವರಿದಂತೆ ಸವರಿದ. ವಸ್ಫಿ ಅವನನ್ನು ಕೈ ಹಿಡಿದು ಒಳಗೆ ಕರೆದ. ನೌಫಾ ಕಾಫಿ ಕೊಟ್ಟಳು.

ಅಬು ಶಾಹೀನ್ ಬಟ್ಟಲನ್ನು ಕೆಳಗಿಟ್ಟ.

"ವಸ್ಫೀ, ಮೊದಲು ಏನು ಅಂತ ಕೇಳೋ" ಎಂದು ಅಬು ದಾಊದ್ ಪಿಸುಗುಟ್ಟಿದ. ವಸ್ಫಿ ಚಂದ್ರನನ್ನೂ ಕಿತ್ತುಕೊಡುವ ಹುಮ್ಮಸ್ಸಿನಲ್ಲಿದ್ದ. "ಕೇಳೋದೇನು! ನಿಮ್ಮ ಮಾತು ನನ್ನ ತಲೆ ಮೇಲೆ. ಕುಡೀರಿ ಮೇಸ್ತ್ರಿ!"

ಅಬು ಶಾಹೀನ್ ಒಂದೇ ಗುಟುಕಿಗೆ ಕುಡಿದು ಮೀಸೆ ಒರೆಸಿಕೊಂಡ. "ಇವತ್ತು ನನ್ನ ಮಗಳ ಮದುವೇನೂ ಇದೆ ಕಣಪ್ಪ. ಮನೇಲಿ ಹೆಂಗಸರ ಗಲಾಟೆ ತಾಳದೆ ಗ್ಯಾರೇಜಿಗೆ ಬಂದಿದ್ದೆ. ಅವಳನ್ನ ನನ್ನ ಹಳೇ ಪಿಕಪ್‌ನಲ್ಲಿ ಹೇಗೆ ಕಳಿಸೋದು? ಈ ಕಾರು ನಾಳೆವರೆಗೆ ನನಗಿರಲಿ. ನಿನಗೆ ನನ್ನ ಪಿಕಪ್ ಇದೆಯಲ್ಲ!"

ನೌಫಾ ತಮ್ಮನ ಮುಖ ನೋಡಿದಳು. ಕುಡಿದ ಕಾಫಿ ವಾಪಸು ಬರುವುದುಂಟೆ?

ಸಂಜೆ ವಸ್ಫಿ ಪಿಕಪ್ ಓಡಿಸಿದ. ಪಕ್ಕದಲ್ಲಿ ಕೋಟು ತೊಟ್ಟ ಫವ್ವಾಜ್, ಹಿಂದೆ ಗ್ಯಾರೇಜಿನ ಸವೆದ ಟೈರುಗಳ ರಾಶಿ. ಏರಿನಲ್ಲಿ ರಿಬ್ಬನ್ ಕಟ್ಟಿಕೊಂಡ ಕೆಂಪು ಕಾರೊಂದು ಹಾರ್ನ್ ಹೊಡೆಯುತ್ತ ಇವರನ್ನು ದಾಟಿ ಹೋಯಿತು.

"ಮಾಮಾ, ಅದು ನಮ್ಮ ಕಾರಲ್ವಾ?"

"ಹೌದು ಕಣೋ! ನೋಡು ಹೇಗೆ ಓಡ್ತಿದೆ. ಬೆಲ್ಟ್ ಹೊಸದು!" ವಸ್ಫಿಯ ಎದೆ ಉಬ್ಬಿತು.

ಅಷ್ಟರಲ್ಲಿ ಪಿಕಪ್ಪಿನ ಹೊಟ್ಟೆಯಲ್ಲಿ 'ಟಪ್' ಎಂದಿತು. ಗಾಡಿ ನಿಂತೇ ಹೋಯಿತು. ಹಿಂದಿದ್ದ ದಿಬ್ಬಣವೆಲ್ಲ ಇಳಿದು ಬಂದು ಸುತ್ತ ನೆರೆಯಿತು. ವಸ್ಫಿ ಬಾನೆಟ್ ಎತ್ತಿದ.

ಒಳಗೆ, ಚೂರೂ ಮಾಸದ ಒಂದು ಚೀಟಿ: 'ಹೊಸ ಬೆಲ್ಟ್ ಹಾಕಿದೆ, ಅಬು ಶಾಹೀನ್ ಗ್ಯಾರೇಜ್.'