ವಿಮಾನ ಇಳಿಯದ ನಿಲ್ದಾಣದಲ್ಲಿ ನನ್ನ ನೌಕರಿ

ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿದವರು ಬಹಳ ಜನ ಇರಬಹುದು. ವಿಮಾನವೇ ಬಾರದ ನಿಲ್ದಾಣದಲ್ಲಿ ಎರಡು ವರ್ಷ ಪುರುಸೊತ್ತಿಲ್ಲದೆ ದುಡಿದವನು ನಾನೊಬ್ಬನೇ ಎಂದು ಎದೆ ತಟ್ಟಿ ಹೇಳಬಲ್ಲೆ. ಅಂಥ ಕಡೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ದಿನಾ ಬಂದು ಹಾಜರಿ ಹಾಕುತ್ತವೆ.

ಆಗ ನಿಜಾಮರ ಆಳ್ವಿಕೆ, ಎರಡನೆಯ ಮಹಾಯುದ್ಧದ ಕಾಲ. ದಾರಿ ತಪ್ಪಿದ ವಿಮಾನ ಇಳಿಯಲು ಒಂದು ಜಾಗ ಇರಲಿ ಎಂದು ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಒಂದು ಬಯಲನ್ನು ಸಮ ಮಾಡಿ, ತಗಡಿನ ಕಚೇರಿ ಕಟ್ಟಿದ್ದರು. ಅಲ್ಲಿ ನಾವು ಮೂವರು: ಕಲಬುರಗಿ ಕಡೆಯ ಮೇಲ್ವಿಚಾರಕರು, ಅಳವಂಡಿಯ ಚೌಕಿದಾರ, ಗುಮಾಸ್ತನಾದ ನಾನು.

೧. ಭೂಮಿ ಶಾಖೆಯವನ ಸೊಕ್ಕು

ನಮ್ಮ ಮೇಲ್ವಿಚಾರಕರಿಗೆ ಆಡಳಿತವೆಂದರೆ ಪ್ರಾಣ. ಬಂದ ವಾರವೇ ಗೋಡೆಗೆ ಒಂದು ನಕ್ಷೆ ಅಂಟಿಸಿದರು. ಮೇಲೆ ಅವರು, ಕೆಳಗೆ ನಾಲ್ಕು ಶಾಖೆಗಳು: ಪ್ರಯಾಣಿಕರ ಶಾಖೆ, ಸರಕು ಶಾಖೆ, ಭೂಮಿ ಶಾಖೆ, ಹವಾ ಶಾಖೆ. ನಾಲ್ಕಕ್ಕೂ ಗುಮಾಸ್ತ ನಾನೇ. ಒಂದು ಶಾಖೆಗೆ ಇನ್ನೊಂದರಿಂದ ಏನು ಬೇಕಾದರೂ ಕಾಗದ ಬರೆದೇ ಕೇಳಬೇಕು, ಮೂರು ದಿನದೊಳಗೆ ಉತ್ತರ ಬರಬೇಕು.

ಬೆಂಚು ಇಡಲು ಜಾಗ ಕೊಡಿ ಎಂದು ಪ್ರಯಾಣಿಕರ ಶಾಖೆಯಿಂದ ಭೂಮಿ ಶಾಖೆಗೆ ಬರೆದೆ. ಅಷ್ಟರಲ್ಲಿ ನನಗೆ ಜ್ವರ ಬಂದು ಉತ್ತರ ತಡವಾಯಿತು. ನಿಯಮ ಎಂದರೆ ನಿಯಮ. ಎದ್ದ ಮೇಲೆ ಭೂಮಿ ಶಾಖೆಗೆ ಖಾರವಾದ ಇನ್ನೊಂದು ಕಾಗದ ಬರೆದೆ. ಭೂಮಿ ಶಾಖೆಯಿಂದ ಅಷ್ಟೇ ಖಾರವಾಗಿ ಉತ್ತರವನ್ನೂ ಕೊಟ್ಟೆ: ‘ಜಾಗ ಕೊಟ್ಟಿದೆ. ಆದರೆ ಕೂರಲು ನಿಮ್ಮಲ್ಲಿ ಪ್ರಯಾಣಿಕರು ಎಷ್ಟಿದ್ದಾರೆ?’

ಎರಡೂ ಕಾಗದ ಓದಿದ ಮೇಲ್ವಿಚಾರಕರು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: “ಆ ಭೂಮಿ ಶಾಖೆಯವ ಭಾಳ ಸೊಕ್ಕಿನವ ಅದಾನ. ನೀ ಶಾಣ್ಯಾ ಇದ್ದಿ, ಅವನ ಗೊಡವಿಗೆ ಹೋಗಬ್ಯಾಡ.”

೨. ತೂರಲು ಉತ್ತಮ

ಗಾಳಿ ಯಾವ ಕಡೆಗೆ ಎಂದು ವಿಮಾನದವರಿಗೆ ತೋರಿಸಲು ಎತ್ತರದ ಕಂಬಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿದ್ದೆವು. ಅದನ್ನು ನೋಡಿ ದಿನಾ ಗಾಳಿಯ ವರದಿ ಹೈದರಾಬಾದಿಗೆ ಕಳಿಸಬೇಕು. ನೋಡುವ ಕೆಲಸ ಚೌಕಿದಾರನದು. ಅವನು ಹುಟ್ಟಾ ಒಕ್ಕಲಿಗ. ಅವನು ಹೇಳಿದ್ದನ್ನು ನಾನು ನಿಷ್ಠೆಯಿಂದ ಬರೆದೆ: ‘ಹೊಟ್ಟು ಎಂಟು ಹೆಜ್ಜೆ ದೂರ ಬೀಳುವಷ್ಟು ಗಾಳಿ. ತೂರಲು ಉತ್ತಮ.’

ತಿಂಗಳಾದ ಮೇಲೆ ಮೇಲಿನಿಂದ ಒಂದೇ ಸಾಲಿನ ಪ್ರಶ್ನೆ ಬಂತು: ‘ಹೆಜ್ಜೆ ಯಾರದು?’

ಸುತ್ತಲಿನ ರೈತರಿಗೆ ಮಾತ್ರ ವರದಿ ಬಹಳ ಹಿಡಿಸಿತು. ದಿನಾ ಬಂದು ಚೀಲ ನೋಡಿ ಹೋಗತೊಡಗಿದರು. ಕೊನೆಗೆ ಪಕ್ಕದ ಊರಿನ ಮುದುಕ ಗೌಡರು ಒಂದು ಅರ್ಜಿ ತಂದರು. ಬಯಲಿನ ಮೂಲೆಯಲ್ಲಿ, ಮೇಲಿನಿಂದ ಕಾಣಲಿ ಎಂದು ಸುಣ್ಣದಲ್ಲಿ ಹಾಕಿದ ದೊಡ್ಡ ದುಂಡು ಗೆರೆ ಇತ್ತು. ಅದು ಜೋಳದ ಕಣಕ್ಕೆ ಹೇಳಿ ಮಾಡಿಸಿದ ಹಾಗಿದೆ, ಸುಗ್ಗಿಗೆ ನಮಗೆ ಕೊಡಿ ಎಂದು ಅರ್ಜಿ. ಭೂಮಿ ಶಾಖೆ ಒಪ್ಪಿತು. ವಿಮಾನ ಬಂದರೆ ಕಣ ಬಿಡಬೇಕು ಎಂಬುದೊಂದೇ ಷರತ್ತು.

“ಬಿಡ್ತೀವ್ರಿ,” ಎಂದರು ಗೌಡರು. “ಬ್ಯಾಸಿಗ್ಯಾಗ ಮಳಿ ಬಂದ್ರೂ ಬಿಡ್ತೀವಿ. ಯಾವ್ದು ಮೊದ್ಲ ಬರ್ತೈತಿ ನೋಡೂಣು.”

೩. ಬೆಂಚಿಗೊಬ್ಬ ಪ್ರಯಾಣಿಕ

ಯಲಬುರ್ಗಾದ ಕಾಳಿನ ವ್ಯಾಪಾರಿಯೊಬ್ಬರು ತಮ್ಮ ಮಗಳನ್ನು ನನಗೆ ಕೊಡಲು ಒಪ್ಪಿದ್ದರು. ಹುಡುಗಿಯನ್ನು ನೋಡಿ ಬಂದ ದಿನದಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಒಂದು ದಿನ ಮಾವನಾಗುವವರು ನನ್ನ ನೌಕರಿ ನೋಡಲು ಬುತ್ತಿ ಕಟ್ಟಿಕೊಂಡು ಬಂದೇಬಿಟ್ಟರು.

“ಎಲ್ಲೈತ್ರೀ ವಿಮಾನ?”

ನನ್ನ ಮಾನ ಉಳಿಸಲು ಚೌಕಿದಾರ ಮುಂದೆ ಬಂದ. “ಈಗ ಹೋತ್ರೀ ಯಪ್ಪಾ. ಚಣಾ ಮೊದ್ಲ ಬಂದಿದ್ರ ಸಿಗ್ತಿತ್ತು.”

“ಹಂಗಾರ ಮುಂದಿಂದು ನೋಡಿಕೊಂಡ ಹೋಗ್ತೀನಿ,” ಎಂದು ಅವರು ಬೆಂಚಿನ ಮೇಲೆ ಕೂತರು. ಸಂಜೆಯವರೆಗೆ ಕೂತರು. ಮರುದಿನವೂ ಬಂದು ಕೂತರು. ಬುತ್ತಿ ಮುಗಿದ ಮೇಲೆ ಎದ್ದು ಹೇಳಿದರು: “ತಮ್ಮಾ, ನೀ ಹುಡುಗ ಛಲೋ ಅದಿ. ಆದ್ರ ಇಲ್ಲಿ ವಿಮಾನ ಇಳಿದಿದ್ದು ನನ್ನ ಕಣ್ಣಿಲೆ ನೋಡಿದ ಮ್ಯಾಲನ ಅಕ್ಕಿಕಾಳು.”

ಮದುವೆ ಮುಂದೆ ಹೋಯಿತು. ಆದರೂ ನನ್ನ ಕರ್ತವ್ಯ ನಾನು ಬಿಡಲಿಲ್ಲ. ಪ್ರಯಾಣಿಕರ ಶಾಖೆಯಿಂದ ಭೂಮಿ ಶಾಖೆಗೆ ಅಂದೇ ಬರೆದೆ: ‘ಬೆಂಚಿನ ಮೇಲೆ ಎರಡು ದಿನ ಒಬ್ಬರು ಕೂತಿದ್ದರು. ತಮ್ಮ ಗಮನಕ್ಕೆ.’

೪. ಸರಕು ಶಾಖೆಯ ಮೊದಲ ಸರಕು

ಸುಗ್ಗಿಯ ಹೊತ್ತಿಗೆ ಸಿಡಿಲಿನಂಥ ಕಾಗದ ಬಂತು. ತನಿಖೆಗೆ ದೊಡ್ಡ ಸಾಹೇಬರು ಸ್ವತಃ ವಿಮಾನದಲ್ಲಿ ಬರುತ್ತಾರೆ. ನಿಲ್ದಾಣದಿಂದ ಜನರಿಗೆ ಉಪಯೋಗವಿಲ್ಲ ಎಂದು ಕಂಡರೆ ಕಚೇರಿ ಬಂದ್. ಕಚೇರಿ ಹೋದರೆ ನೌಕರಿ ಹೋಯಿತು, ನೌಕರಿ ಹೋದರೆ ಹುಡುಗಿ ಹೋದಳು. ಆದರೆ ವಿಮಾನವಂತೂ ಇಳಿಯುತ್ತದಲ್ಲ ಎಂದು ಯಲಬುರ್ಗಾಕ್ಕೆ ಹೇಳಿ ಕಳಿಸಿದೆ. ಮಾವನವರು ಬಂದು ತಮ್ಮ ಬೆಂಚಿನ ಮೇಲೆ ಕೂತರು.

ಆವತ್ತಿಗೆ ಮೂರು ದಿನದಿಂದ ಗಾಳಿ ಇರಲಿಲ್ಲ. ಕಂಬದ ಚೀಲ ಜೋತು ಬಿದ್ದಿತ್ತು. ಕಣದಲ್ಲಿ ಜೋಳ ತುಳಿಸಿ, ತೂರಲು ಗಾಳಿಯಿಲ್ಲದೆ ಗೌಡರು ಮತ್ತು ಅವರ ಆಳುಗಳು ಮೊರ ಹಿಡಿದು ಸುಮ್ಮನೆ ಕೂತಿದ್ದರು. ಅಷ್ಟರಲ್ಲಿ ಎರಡೇ ಸೀಟಿನ ಪುಟ್ಟ ವಿಮಾನ ಗುಂಯ್‌ಗುಟ್ಟುತ್ತ ಬಂದು ಇಳಿಯಿತು. ಓಡಿ ಬಂದು, ತಿರುಗಿ, ಕಣಕ್ಕೆ ಬಾಲ ಮಾಡಿ ನಿಂತಿತು. ಮುಂದಿನ ರೆಕ್ಕೆ ಇನ್ನೂ ತಿರುಗುತ್ತಲೇ ಇತ್ತು.

“ಗೌಡ್ರ, ವಿಮಾನ ಬಂತು, ಕಣ ಬಿಡ್ರಿ!” ಎಂದು ನಾನು ಓಡಿದೆ.

“ಅದ್ಹೆಂಗ ಬಿಡೂದು? ಗಾಳಿ ಬಂದೈತಿ!” ಎಂದು ಅವರು ಚಂಗನೆ ಎದ್ದರು. “ಏಳ್ರೋ, ತೂರ್ರಿ!”

ಮೊರಗಳು ಮೇಲೆದ್ದವು. ಚೌಕಿದಾರ ವಿಮಾನ ನಡೆಸುವವನ ಮುಂದೆ ನಿಂತು, ತಿರುಗಿಸು ತಿರುಗಿಸು ಎಂದು ಕೈ ಸುತ್ತಿದ. ವಿಮಾನದವನು ನಗುತ್ತ ರೆಕ್ಕೆ ನಿಲ್ಲಿಸದೆ ಬಿಟ್ಟ. ಹೊಟ್ಟೆಲ್ಲ ಕುಷ್ಟಗಿಯ ದಿಕ್ಕಿಗೆ ಹಾರಿತು. ಮೂರು ದಿನದ ಕೆಲಸ ಕಣ್ಣೆದುರೇ ಮುಗಿಯಿತು.

ಸಾಹೇಬರು ಕೆಳಗಿಳಿದರು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದರು, ಮುಖದಲ್ಲಿ ಕಳೆಯೇ ಇರಲಿಲ್ಲ. ಗೌಡರು ಅವರನ್ನು ತಡೆದರು. “ಕಣ ಐತ್ರೀ ಸಾಹೇಬ್ರ, ಬೂಟು ಬಿಟ್ಟು ಬರ್ರಿ.” ಸಾಹೇಬರು ಬೂಟು ಕಳಚಿ ಬರಿಗಾಲಲ್ಲಿ ನೆಲದ ಮೇಲೆ ನಿಂತು, ಹೋದ ಜೀವ ಬಂದವರಂತೆ ಉಸಿರು ಬಿಟ್ಟರು.

ಅಷ್ಟರಲ್ಲಿ ಆಳುಗಳು ಒಂದು ಚೀಲ ಜೋಳ ಹೊತ್ತು ಸಾಹೇಬರ ಸೀಟಿನಲ್ಲಿ ಕೂಡಿಸಿದರು. “ಗಾಳಿ ತಂದವಂಗ ಕಾಳು ಕೊಡಲಿಲ್ಲಂದ್ರ ರಾಶಿ ನಮಗ ದಕ್ಕಂಗಿಲ್ಲ,” ಎಂದರು ಗೌಡರು. ವಿಮಾನ ನಡೆಸುವವ ಚೀಲ ತೋರಿಸಿ, ಸಾಹೇಬರನ್ನು ತೋರಿಸಿ, ಒಂದೇ ಬೆರಳು ಎತ್ತಿದ. ಇಬ್ಬರಲ್ಲಿ ಒಬ್ಬರಿಗೇ ಜಾಗ.

ನಾನು ಗೌಡರ ಮುಂದೆ ಹೋಗಿ ನಿಂತೆ. “ಗೌಡ್ರ, ಚೀಲ ಇಳಿಸ್ರಿ,” ಎಂದು ಕೈಮುಗಿದೆ.

“ಕಣದಾಗ ಕೊಟ್ಟಿದ್ದು ತಿರುಗಿ ತಗೊಳಂಗಿಲ್ಲಪಾ.”

ಸಿಟ್ಟಾಗಬೇಕಾದ ಸಾಹೇಬರು ಬೂಟು ಕೈಯಲ್ಲಿ ಹಿಡಿದು, ಸರಸರ ನಡೆದು ನಮ್ಮ ಮಾವನವರ ಪಕ್ಕ ಬೆಂಚಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟರು. “ರೈತರ ಪದ್ಧತಿ ಮುರೀಬಾರ್ದು. ಚೀಲನ ಹೋಗ್ಲಿ. ಕೊಪ್ಪಳ ಸ್ಟೇಷನ್ನಿಗೆ ಎತ್ತಿನ ಬಂಡಿ ಸಿಗ್ತದೇನು?”

ಜೋಳ ಹೈದರಾಬಾದಿಗೆ ಹಾರಿತು. ಅದು ಕಣ್ಮರೆಯಾಗುವವರೆಗೆ ಮಾವನವರು ನೋಡಿದರು. “ಬರೂ ವಾರನ ಅಕ್ಕಿಕಾಳು,” ಎಂದರು. ನನಗೆ ಅಲ್ಲೇ ಕುಣಿಯಬೇಕು ಅನಿಸಿತು.

ಮದುವೆಯ ಅರಿಶಿನ ಆರುವ ಮೊದಲೇ ತನಿಖೆಯ ವರದಿ ಬಂತು. ಮೇಲ್ವಿಚಾರಕರು ಎದ್ದು ನಿಂತು ಓದಿದರು: ‘ಈ ನಿಲ್ದಾಣ ಜನರಿಗೆ ಅತ್ಯಂತ ಉಪಯುಕ್ತವಾಗಿದ್ದು, ನಾಲ್ಕೂ ಶಾಖೆಗಳನ್ನು ಮುಂದುವರಿಸತಕ್ಕದ್ದು. ಇನ್ನು ಮುಂದೆ ತನಿಖೆಗೆ ಬರುವ ಅಧಿಕಾರಿಗಳು ಮಾತ್ರ ರೈಲಿನಲ್ಲೇ ಬರತಕ್ಕದ್ದು.’